ಹಳದಿ ಮುಟ್ಟದ ಮಾವ

ಮಾವ ಜೆಲಿಂದೊ ಮುಸುಕಿನ ಜೋಳ ತಿನ್ನುವುದಿಲ್ಲ.
ಮದುವೆಯಾಗಿ ಈ ಬೆಟ್ಟದೂರಿಗೆ ಬಂದ ವಾರವೇ
ಉಪ್ಪಿನ ಡಬ್ಬಿ ತೋರಿಸಿದಷ್ಟೇ ಸಲೀಸಾಗಿ
ಅತ್ತೆ ಹೇಳಿ ಮುಗಿಸಿದ್ದರು.
ಮೊಟ್ಟೆಯ ಹಳದಿ ಆದೀತು, ಕುಂಬಳವೂ ಆದೀತು,
ಜೋಳ ಮಾತ್ರ
ಯಾವ ವೇಷ ಕಟ್ಟಿ ಬಂದರೂ ಬೇಡ.

ನಾನು ಕಿಯೊಜ್ಜಾದವಳು, ಕಡಲ ಕಡೆಯವಳು.
ನಮ್ಮಲ್ಲಿ ಜಾಲೆತಿ ಎಂದರೆ ಪುಟ್ಟ ಹಳದಿಗಳು,
ಮಡಿಲಲ್ಲಿ ತುಂಬಿಕೊಂಡು ಓಡುವ ಬಿಸ್ಕತ್ತು.
ಮೀನು ಮಾರಿ ಬಂದ ಅಮ್ಮ
ಹಿಟ್ಟಿಗೆ ಕೈ ಹಾಕುವ ಮೊದಲು
ಎರಡು ನಿಂಬೆಯ ಸಿಪ್ಪೆ ತುರಿಯುವಳು,
ಒಂದು ಬಿಸ್ಕತ್ತಿಗೆ, ಇನ್ನೊಂದು ಬೆರಳಿಗೆ.

ಹೀಗಾಗಿ ವರ್ಷಕ್ಕೊಮ್ಮೆ
ಮಾರ್ತಿನ್ ಸಂತನ ಹಬ್ಬದ ಹಿಂದಿನ ದಿನ
ಈ ಮನೆಯ ಕಟ್ಟಳೆ ಮುರಿಯುವುದು ನನ್ನ ಹಕ್ಕು.
ಹಳದಿ ಹಿಟ್ಟು ಎರಡು ಬಟ್ಟಲು, ಗೋಧಿಯದು ಎರಡು,
ಸಕ್ಕರೆ ಕೈ ತಡೆದು,
ಬೆಣ್ಣೆ ಕೈ ತಡೆಯದೆ,
ಮೊಟ್ಟೆ, ಚಿಟಿಕೆ ಉಪ್ಪು.
ಗ್ರಾಪ್ಪಾದಲ್ಲಿ ನೆನೆಹಾಕಿದ ಒಣದ್ರಾಕ್ಷಿ
ರಾತ್ರಿಯಿಡೀ ಕುಡಿದು
ಕೆನ್ನೆ ಉಬ್ಬಿಸಿಕೊಂಡು ಕೂತಿರುತ್ತದೆ.

ಮಾವ ಅಡುಗೆಮನೆಗೆ ಬರುವುದು ಅದಕ್ಕೇ.
ದ್ರಾಕ್ಷಿ ಕಪ್ಪು, ಅದರ ಮೇಲೆ ಸಿಟ್ಟಿಲ್ಲ.
ಒಂದು, ಇನ್ನೊಂದು,
ನಾನು ನೋಡದವಳಂತೆ ಬೆನ್ನು ತಿರುಗಿಸಿದಾಗ
ಒಂದು ಹಿಡಿ.

ಈ ಸಲ ಕೈ ತಪ್ಪಿತೋ, ತಾನೇ ಹೋಯಿತೋ,
ಪಕ್ಕದ ಪಾತ್ರೆಯ ಹಿಟ್ಟಿಗೆ ಇಳಿಯಿತು.
ಎರಡು ಬೆರಳ ನಡುವೆ ಒಂದು ಚಿಟಿಕೆ.
ಕಿವಿಯ ಹತ್ತಿರ ಒಯ್ದು ಉಜ್ಜಿದರು,
ಗಡಿಯಾರ ನಿಂತಿದೆಯೇ ಎಂದು ಕೇಳಿಸಿಕೊಳ್ಳುವವರಂತೆ.
"ಹೋದ ವರ್ಷದ್ದು."
ಪೊಟ್ಟಣದ ಮೇಲೆ ತಾರೀಖು ಇದೆಯಲ್ಲ, ಎಂದೆ.
"ತಾರೀಖಿಗೇನು ಹಲ್ಲಿದೆಯೇ?"

ಟೋಪಿ ಹಾಕಿಕೊಂಡು ಹೊರಟೇಬಿಟ್ಟರು.
ಎಂಬತ್ತೆಂಟು ವರ್ಷ, ಹೊರಗೆ ಮಂಜು,
ಕರಿಕೋಟಿನ ಗುಂಡಿಯೊಂದು ನೇತಾಡುತ್ತಿತ್ತು.
ಒಲೆ ಕಾಯಿತು. ನಾನೂ ಕಾದೆ.
ಬೊರ್ತೊಲೊನ ಗಿರಣಿಯಿಂದ, ಇನ್ನೂ ಬೆಚ್ಚಗಿದ್ದ
ಕಾಗದದ ಚೀಲವನ್ನು ಕೋಟಿನೊಳಗೆ ಅವುಚಿ ತಂದರು,
ಬೆಕ್ಕಿನ ಮರಿಯನ್ನು ತಂದ ಹಾಗೆ.

ಅತ್ತೆ ಇದ್ದಾಗ ಒಮ್ಮೆ ಹೇಳಿದ್ದು:
ಇವರ ಅಜ್ಜಿ ಅಮಾಬಿಲೆ
ಮೂರು ಹೊತ್ತೂ ಜೋಳದ ಮುದ್ದೆ, ಬರೀ ಮುದ್ದೆ ಉಂಡು
ಕೈಯ ಚರ್ಮ ತೆನೆಯ ಮುಸುಕಿನಂತೆ ಸುಲಿದುಬಂತು.
ಆಸ್ಪತ್ರೆಯವರು ಹುಚ್ಚು ಎಂದು ಬರೆದುಕೊಂಡರು.
ಹಸಿವು ಎಂದು ಬರೆಯುವ ಜಾಗ
ಆ ಹಾಳೆಯಲ್ಲಿರಲಿಲ್ಲ.
ಅಷ್ಟು ಹೇಳಿ ಅತ್ತೆ ಬಟ್ಟೆ ಒಣಹಾಕಲು ಹೋದರು.

ಹಿಟ್ಟು ಕಲಸಿ, ಲಟ್ಟಣಿಗೆಯ ದಪ್ಪಕ್ಕೆ ಹೊಸೆದು
ಚಾಕುವಿಗೆಂದು ತಿರುಗಿದೆ.
ಅಷ್ಟರಲ್ಲಿ ಮಾವ ನನ್ನ ಹೊಲಿಗೆ ಡಬ್ಬಿಯಿಂದ
ಬಿಳಿ ದಾರ ಎಳೆದು ಹಲ್ಲಲ್ಲಿ ಕಡಿದಿದ್ದರು.
ಅಡಿಯಿಂದ ತೂರಿಸಿ, ಮೇಲೆ ಕತ್ತರಿ ಹಾಕಿ, ಎಳೆದರು.
ಒಂದು ತುಂಡು. ಸದ್ದಿಲ್ಲ.
ಇನ್ನೊಂದು.
ಕಣ್ಣು ಗೋಡೆಯ ಮೇಲೆ, ಕೈ ತನ್ನ ಪಾಡಿಗೆ.
"ಏಳು ಮಕ್ಕಳು. ದಾರ ಹಿಡಿದವನಿಗೆ ಕೊನೆಯ ತುಂಡು.
ಅದಕ್ಕೇ ಸರಿಯಾಗಿ ಕೊಯ್ಯಲು ಕಲಿತೆ."
ಮೂವತ್ತೈದು ಬಿಸ್ಕತ್ತು.
ಎದುರುಬದುರು ಇಟ್ಟಿದ್ದರೆ
ತಕ್ಕಡಿ ತಲೆಯಾಡಿಸುತ್ತಿರಲಿಲ್ಲ.

ಬೇಯುವಾಗ ಒಳಗೆ ನಿಲ್ಲಲಿಲ್ಲ.
ಅಂಗಳದ ಬೆಂಚಿನಿಂದ, ಮುಚ್ಚಿದ ಕಿಟಕಿಯಾಚೆಯಿಂದ ಕೂಗು:
"ತಟ್ಟೆ ತಿರುಗಿಸು, ಎಡಗಡೆ ಸೀಯುತ್ತಿದೆ!"
ತೆರೆದು ನೋಡಿದೆ.
ಸೀಯುತ್ತಿತ್ತು.

ಹಬ್ಬದ ದಿನ ಎಲ್ಲರೂ ತಿಂದರು,
ಹೊಸ ವೈನಿನಲ್ಲಿ ಅದ್ದಿ,
ತರಿ ಹಲ್ಲಿಗೆ ಸಿಕ್ಕಿ ಕರಕರ.
ಮಾವ ತಿನ್ನಲಿಲ್ಲ.
ಮೊಮ್ಮಗಳು ಒಂದನ್ನು ಮುರಿದು ಬಾಯಿಗೊಡ್ಡಿದಾಗ
ದ್ರಾಕ್ಷಿಯನ್ನಷ್ಟೇ ಕೆದಕಿ ತೆಗೆದುಕೊಂಡು
ಉಳಿದದ್ದನ್ನು ಅವಳ ಅಂಗೈಯಲ್ಲೇ ಮಡಚಿದರು.

ದಾರ ತೊಳೆದಿಡೋಣವೆಂದು ಹುಡುಕಿದೆ, ಸಿಗಲಿಲ್ಲ.
ಭಾನುವಾರ ಕೋಟು ಕೊಡವುವಾಗ ಕಂಡಿತು:
ಗುಂಡಿ ಬಿಗಿಯಾಗಿ ಕೂತಿದೆ,
ಕರಿಬಟ್ಟೆಗೆ ಬಿಳಿ ದಾರ,
ತುಸು ಜಿಡ್ಡು,
ನಿಂಬೆಯ ವಾಸನೆ.